ಕೃತಕ ಸೂರ್ಯನಿಗೆ ಇಂಧನ ಉಣಿಸುವುದು ಹೇಗೆ? ಸುಳ್ಳು ಸುದ್ದಿಯೊಂದರಿಂದ ಶುರುವಾದ ಲೈಮನ್ ಸ್ಪಿಟ್ಜರ್ ಕಥೆ

ಚೀನಾ ಆಕಾಶಕ್ಕೆ ಕೃತಕ ಸೂರ್ಯನನ್ನು ಹಾರಿಸಿದೆ ಎಂಬ ವಿಡಿಯೊ ಕೆಲವು ವರ್ಷಗಳ ಹಿಂದೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಜನ ನಿಂತು ನೋಡುತ್ತಿರುತ್ತಾರೆ, ಬೆಂಕಿಯ ಉಂಡೆಯೊಂದು ಮೇಲೇರುತ್ತದೆ. ಅದು ರಾಕೆಟ್ ಉಡಾವಣೆಯ ವಿಡಿಯೊ, ಅಷ್ಟೇ. ಪತ್ರಿಕೆಗಳು ಕೃತಕ ಸೂರ್ಯ ಎಂದು ಕರೆಯುವ ಯಂತ್ರ ಎಲ್ಲಿಗೂ ಹಾರುವುದಿಲ್ಲ. ಅದು ಪ್ರಯೋಗಾಲಯದ ಒಂದು ಉಕ್ಕಿನ ಕೋಣೆ. ಒಳಗೆ ಕೋಟ್ಯಂತರ ಡಿಗ್ರಿ ಕಾದ ಅನಿಲವನ್ನು ಕಾಂತಗಳ ಬಲದಿಂದ ಗೋಡೆಗೆ ತಾಗದಂತೆ ಹಿಡಿದಿಟ್ಟಿರುತ್ತಾರೆ.

ಇಂಥ ಸುದ್ದಿ ಹಬ್ಬುವುದು ವಾಟ್ಸ್‌ಆ್ಯಪ್ ಕಾಲದ ಚಾಳಿ ಎಂದುಕೊಳ್ಳಬೇಡಿ. 1951ರಲ್ಲಿ ಒಂದು ದೇಶದ ಅಧ್ಯಕ್ಷರೇ ಪತ್ರಿಕಾಗೋಷ್ಠಿ ಕರೆದು ಕೃತಕ ಸೂರ್ಯ ಸಿದ್ಧವಾಗಿದೆ ಎಂದು ಘೋಷಿಸಿದ್ದರು. ಅದು ಸುಳ್ಳಾಗಿತ್ತು. ಆದರೆ ಅದನ್ನು ಓದಿದ ಒಬ್ಬ ಖಗೋಳ ವಿಜ್ಞಾನಿ, ಈ ಕೆಲಸ ನಿಜವಾಗಿ ಆಗಬೇಕಾದರೆ ಏನೇನು ಬೇಕು ಎಂದು ಲೆಕ್ಕ ಹಾಕಲು ಕೂತರು. ಅವರೇ ಲೈಮನ್ ಸ್ಪಿಟ್ಜರ್.

ನಕ್ಷತ್ರಗಳ ನಡುವಿನ ಅನಿಲದ ವಿದ್ಯಾರ್ಥಿ

ಸ್ಪಿಟ್ಜರ್ ಹುಟ್ಟಿದ್ದು 1914ರ ಜೂನ್ 26ರಂದು, ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ಊರಿನಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ 1935ರಲ್ಲಿ ಪದವಿ ಮುಗಿಸಿ ಒಂದು ವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಲಿತರು. ಆಗ ಅಲ್ಲಿ ಹಿರಿಯ ವಿಜ್ಞಾನಿ ಆರ್ಥರ್ ಎಡಿಂಗ್ಟನ್ ಇದ್ದರು, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಕೂಡ ಇದ್ದರು. ನಕ್ಷತ್ರಗಳ ಒಳಗುಟ್ಟನ್ನು ಗಣಿತದಿಂದ ಬಿಡಿಸುತ್ತಿದ್ದ ಈ ಇಬ್ಬರ ಪ್ರಭಾವ ಅವರ ಮೇಲೆ ಬಿತ್ತು. ಅಮೆರಿಕಕ್ಕೆ ಮರಳಿ 1938ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಡಾಕ್ಟರೇಟ್ ಪಡೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನೀರೊಳಗಿನ ಸದ್ದು ಹಿಡಿದು ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರ್ ಕೆಲಸ ಮಾಡಿದರು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಭೂಮಿಯ ವಾತಾವರಣದ ಆಚೆ ಒಂದು ದೊಡ್ಡ ದೂರದರ್ಶಕ ಇರಿಸಿದರೆ ಆಗುವ ಲಾಭಗಳೇನು ಎಂದು ವರದಿ ಬರೆದರು. ಮೊದಲ ಉಪಗ್ರಹ ಸ್ಪುಟ್ನಿಕ್ ಹಾರಲು ಆಗ ಇನ್ನೂ 11 ವರ್ಷ ಇತ್ತು! ಮರುವರ್ಷ, 33ನೇ ವಯಸ್ಸಿಗೇ, ಪ್ರಿನ್ಸ್‌ಟನ್‌ನ ಖಗೋಳ ವಿಭಾಗದ ಮುಖ್ಯಸ್ಥರಾದರು.

ಅವರ ಮುಖ್ಯ ವಿಷಯ ನಕ್ಷತ್ರಗಳ ನಡುವೆ ಹರಡಿರುವ ತೆಳು ಅನಿಲ. ಅನಿಲ ತುಂಬಾ ಕಾದಾಗ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳು ಬಿಟ್ಟುಹೋಗುತ್ತವೆ. ವಿದ್ಯುತ್ ಹರಿಯಬಲ್ಲ, ಕಾಂತಕ್ಷೇತ್ರಕ್ಕೆ ಮಣಿಯುವ ಈ ಸ್ಥಿತಿಯೇ ಪ್ಲಾಸ್ಮಾ. ಸೂರ್ಯ, ಮಿಂಚು, ಟ್ಯೂಬ್‌ಲೈಟಿನ ಒಳಗಿನ ಹೊಳಪು ಎಲ್ಲವೂ ಪ್ಲಾಸ್ಮಾ. ಆಕಾಶದ ಪ್ಲಾಸ್ಮಾ ಓದಿದವರಿಗೆ ನೆಲದ ಮೇಲಿನ ಪ್ಲಾಸ್ಮಾ ಹೇಗೆ ವರ್ತಿಸಬಹುದು ಎಂಬ ಅಂದಾಜು ಇತ್ತು.

ಅಪ್ಪನ ಫೋನ್, ಹಿಮದ ಬೆಟ್ಟ

1951ರ ಮಾರ್ಚ್ 24ರಂದು ಅರ್ಜೆಂಟೀನಾದ ಅಧ್ಯಕ್ಷ ಹುವಾನ್ ಪೆರೋನ್ ಒಂದು ಘೋಷಣೆ ಮಾಡಿದರು. ಬರಿಲೋಚೆ ಊರಿನ ಹತ್ತಿರದ ಹುಯೆಮುಲ್ ಎಂಬ ದ್ವೀಪದಲ್ಲಿ ರೊನಾಲ್ಡ್ ರಿಕ್ಟರ್ ಎಂಬ ವಿಜ್ಞಾನಿ ಸೂರ್ಯನ ಶಕ್ತಿಯನ್ನು ನೆಲದ ಮೇಲೆ ಹುಟ್ಟಿಸಿದ್ದಾರೆ ಎಂಬುದು ಅದರ ಸಾರ. ಮುಂದೆ ಆ ಶಕ್ತಿಯನ್ನು ಹಾಲಿನ ಬಾಟಲಿಯಂತೆ ಬಾಟಲಿಗಳಲ್ಲಿ ತುಂಬಿ ಮಾರಬಹುದು ಎಂಬ ಮಾತೂ ಸೇರಿಕೊಂಡಿತು. ಜಗತ್ತಿನ ಪತ್ರಿಕೆಗಳು ಅದನ್ನು ಮುಖಪುಟಕ್ಕೆ ಹಾಕಿದವು.

ಸ್ಪಿಟ್ಜರ್ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟಕ್ಕೆಂದು ಆ್ಯಸ್ಪೆನ್‌ಗೆ ಹೊರಡುವ ಸಿದ್ಧತೆಯಲ್ಲಿದ್ದರು. ಅವರ ತಂದೆ ಫೋನ್ ಮಾಡಿ, ಪೇಪರ್ ನೋಡು ಎಂದು ತಿಳಿಸಿದರು. ಸ್ಪಿಟ್ಜರ್ ಸುದ್ದಿ ಓದಿದರು, ನಂಬಲಿಲ್ಲ. ಆದರೆ ನಕ್ಕು ಪಕ್ಕಕ್ಕಿಡಲೂ ಇಲ್ಲ. ಬೆಟ್ಟ ಹತ್ತಿಸುವ ಲಿಫ್ಟ್‌ನಲ್ಲಿ ಕೂತಾಗೆಲ್ಲ ಒಂದೇ ಯೋಚನೆ: ಅಷ್ಟು ಬಿಸಿಯಾದ ಅನಿಲವನ್ನು ಯಾವ ಪಾತ್ರೆಯಲ್ಲಿ ಇಡುವುದು?

ಅತ್ತ ಅರ್ಜೆಂಟೀನಾದಲ್ಲಿ 1952ರಲ್ಲಿ ಅದೇ ದೇಶದ ವಿಜ್ಞಾನಿಗಳ ತಂಡ ದ್ವೀಪಕ್ಕೆ ಹೋಗಿ ಪರೀಕ್ಷಿಸಿತು. ಅಲ್ಲಿ ಅಂಥದ್ದೇನೂ ನಡೆದ ಪುರಾವೆ ಸಿಗಲಿಲ್ಲ. ಯೋಜನೆ ಮುಚ್ಚಿತು.

ಎಂಟರ ಆಕಾರದ ಕೊಳವೆ

ಮೊದಲು ವಿಷಯ ತಿಳಿದುಕೊಳ್ಳೋಣ. ಹೈಡ್ರೋಜನ್‌ನ ಭಾರದ ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಬೀಜಕಣಗಳು ಒಂದಕ್ಕೊಂದು ಬೆಸೆದರೆ ಅಪಾರ ಶಕ್ತಿ ಬಿಡುಗಡೆಯಾಗುತ್ತದೆ. ಇದೇ ಸಮ್ಮಿಳನ, ಅಂದರೆ ಫ್ಯೂಷನ್. ಈ ಬೆಸುಗೆಗೆ ಹತ್ತು ಕೋಟಿ ಡಿಗ್ರಿಗೂ ಮಿಕ್ಕ ಬಿಸಿ ಬೇಕು. ಸೂರ್ಯನ ನಡುಭಾಗದ ಬಿಸಿಯೇ ಸುಮಾರು ಒಂದೂವರೆ ಕೋಟಿ ಡಿಗ್ರಿ! ಇದನ್ನು ಯಾವ ಲೋಹದ ಪಾತ್ರೆಯೂ ತಡೆಯದು. ಗೋಡೆಗೆ ತಾಗಿದರೆ ಗೋಡೆಯೂ ಹಾಳು, ಪ್ಲಾಸ್ಮಾವೂ ತಣ್ಣಗೆ. ಹಾಗಾಗಿ ಕಾಂತಕ್ಷೇತ್ರದ ಬೇಲಿಯೇ ಪಾತ್ರೆಯಾಗಬೇಕು.

ನೇರ ಕೊಳವೆಯಾದರೆ ಪ್ಲಾಸ್ಮಾ ಎರಡು ತುದಿಗಳಿಂದ ಸೋರಿಹೋಗುತ್ತದೆ. ಕೊಳವೆಯನ್ನು ಬಳೆಯಂತೆ ಬಗ್ಗಿಸಿ ತುದಿ ಕೂಡಿಸಿದರೆ ಇನ್ನೊಂದು ತೊಂದರೆ. ಬಳೆಯ ಒಳಬದಿಯಲ್ಲಿ ಕಾಂತಕ್ಷೇತ್ರ ಹೆಚ್ಚು, ಹೊರಬದಿಯಲ್ಲಿ ಕಡಿಮೆ. ಈ ವ್ಯತ್ಯಾಸದಿಂದ ಧನ ಕಣಗಳು ಒಂದು ಕಡೆಗೆ, ಋಣ ಕಣಗಳು ಇನ್ನೊಂದು ಕಡೆಗೆ ಜಾರಿ, ಕೊನೆಗೆ ಇಡೀ ಪ್ಲಾಸ್ಮಾ ಹೊರಬದಿಗೆ ತಳ್ಳಲ್ಪಡುತ್ತದೆ. ಸ್ಪಿಟ್ಜರ್ ಕಂಡುಕೊಂಡ ಉಪಾಯ ಸರಳ: ಬಳೆಯನ್ನು ತಿರುಚಿ ಇಂಗ್ಲಿಷ್ ಎಂಟರ ಆಕಾರ ಮಾಡುವುದು. ಒಂದು ತಿರುವಿನಲ್ಲಿ ಆದ ಜಾರುವಿಕೆ ಇನ್ನೊಂದು ತಿರುವಿನಲ್ಲಿ ಸರಿಹೋಗುತ್ತದೆ. ನಕ್ಷತ್ರ ಎಂಬರ್ಥದ ಸ್ಟೆಲ್ಲಾ ಪದದಿಂದ ಈ ಯಂತ್ರಕ್ಕೆ ಸ್ಟೆಲ್ಲರೇಟರ್ ಎಂದು ಹೆಸರಿಟ್ಟರು.

1951ರ ಜುಲೈನಲ್ಲಿ ಅಮೆರಿಕದ ಪರಮಾಣು ಶಕ್ತಿ ಆಯೋಗ 50,000 ಡಾಲರ್ ಕೊಟ್ಟಿತು. ಪರ್ವತಾರೋಹಣದ ಹುಚ್ಚಿದ್ದ ಸ್ಪಿಟ್ಜರ್ ಆಲ್ಪ್ಸ್‌ನ ಕಡಿದಾದ ಶಿಖರದ ನೆನಪಿನಲ್ಲಿ ಯೋಜನೆಗೆ ಮ್ಯಾಟರ್‌ಹಾರ್ನ್ ಎಂಬ ಗುಪ್ತನಾಮ ಇಟ್ಟರು. ಮೊದಲ ಯಂತ್ರ ಮೇಜಿನ ಮೇಲೆ ಕೂರುವಷ್ಟು ಪುಟ್ಟದು. ಹಿಂದೆ ಪ್ರಯೋಗದ ಮೊಲಗಳನ್ನು ಸಾಕುತ್ತಿದ್ದ ಕಟ್ಟಡದಲ್ಲಿ 1953ರಲ್ಲಿ ಅದು ಕೆಲಸ ಶುರು ಮಾಡಿತು.

ಬೆಂಕಿ ಹೊತ್ತಿಸಿದರೆ ಸಾಲದು, ಸೌದೆಯೂ ಬೇಕು

ಯಂತ್ರ ಇನ್ನೂ ಮೇಜಿನ ಮೇಲಿದ್ದಾಗಲೇ, ಊರಿಗೆ ವಿದ್ಯುತ್ ಕೊಡುವ ದೊಡ್ಡ ಸ್ಟೆಲ್ಲರೇಟರ್ ಹೇಗಿರಬೇಕು ಎಂದು ಸ್ಪಿಟ್ಜರ್ ಸಂಗಡಿಗರೊಡನೆ 1954ರಲ್ಲಿ ಒಂದು ವರದಿ ಸಿದ್ಧಪಡಿಸಿದರು. ಅಲ್ಲಿ ಬಂದ ಒಂದು ಪ್ರಶ್ನೆ ಬಹಳ ಮುಖ್ಯವಾದದ್ದು. ಇಂಧನ ಉರಿದು ಖಾಲಿಯಾಗುತ್ತದೆ, ಸೋರಿಯೂ ಹೋಗುತ್ತದೆ. ಉರಿಯುತ್ತಿರುವ ಪ್ಲಾಸ್ಮಾದ ನಡುವಿಗೆ ಹೊಸ ಇಂಧನವನ್ನು ತಲುಪಿಸುವುದು ಹೇಗೆ?

ಇದು ಯಾಕೆ ಕಷ್ಟ ಎಂದು ಅಡುಗೆಮನೆಯ ಅನುಭವದಿಂದಲೇ ತಿಳಿಯಬಹುದು. ಬಚ್ಚಲ ಒಲೆಯ ಬಾಯಲ್ಲೇ ಹಸಿ ಸೌದೆ ತುರುಕಿದರೆ ಏನಾಗುತ್ತದೆ? ಹೊಗೆ ಏಳುತ್ತದೆ, ಬೆಂಕಿ ಮಂಕಾಗುತ್ತದೆ. ಸೌದೆ ಒಳಗಿನ ಕೆಂಡದವರೆಗೂ ಹೋಗಬೇಕು. ಪ್ಲಾಸ್ಮಾದಲ್ಲಿ ಕೆಂಡದವರೆಗೆ ಹೋಗುವುದೇ ಸವಾಲು. ಅದಕ್ಕೆ ಇಂದು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಕವಾಟ ತೆರೆದು ಅಂಚಿನಿಂದ ಅನಿಲ ಊದುವುದು. ಸುಲಭ, ಅಗ್ಗ. ಆದರೆ ತಣ್ಣನೆಯ ಅನಿಲ ಅಂಚಿನಲ್ಲೇ ಎಲೆಕ್ಟ್ರಾನ್ ಕಳೆದುಕೊಂಡು ಕಾಂತದ ಬೇಲಿಗೆ ಸಿಕ್ಕಿಬೀಳುತ್ತದೆ. ನಡುವಿಗೆ ಹೋಗುವುದು ಸ್ವಲ್ಪವೇ. ಅಂಚು ತಣ್ಣಗಾಗುತ್ತದೆ. ಇನ್ನೂ ಜಾಸ್ತಿ ಊದಿದರೆ ಪ್ಲಾಸ್ಮಾ ಶಾಖ ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಪೂರ್ತಿ ಕುಸಿದೇ ಹೋಗುತ್ತದೆ.

ಎರಡನೆಯದು, ಇಂಧನದ ಪರಮಾಣುಗಳನ್ನು ಭಾರಿ ವೇಗದಲ್ಲಿ ಕಿರಣದಂತೆ ಹಾಯಿಸುವುದು. ಈ ಪರಮಾಣುಗಳಿಗೆ ವಿದ್ಯುತ್ ಅಂಶ ಇಲ್ಲದ ಕಾರಣ ಕಾಂತದ ಬೇಲಿ ತಡೆಯುವುದಿಲ್ಲ. ಒಳಗೆ ಹೋಗಿ ಶಾಖವನ್ನೂ ಇಂಧನವನ್ನೂ ಒಟ್ಟಿಗೆ ಕೊಡುತ್ತವೆ. ಆದರೆ ಇದಕ್ಕೆ ವಿದ್ಯುತ್ ಖರ್ಚು ವಿಪರೀತ.

ಮೂರನೆಯದನ್ನು ಸ್ಪಿಟ್ಜರ್ ತಂಡ 1954ರಲ್ಲೇ ಕಾಗದದ ಮೇಲೆ ಸೂಚಿಸಿತ್ತು: ಇಂಧನವನ್ನು ಹೆಪ್ಪುಗಟ್ಟಿಸಿ, ಗುಳಿಗೆ ಮಾಡಿ, ಪ್ಲಾಸ್ಮಾದೊಳಕ್ಕೆ ಹೊಡೆಯುವುದು. ಡ್ಯೂಟೀರಿಯಂ ಗಟ್ಟಿಯಾಗಬೇಕಾದರೆ ಸುಮಾರು ಮೈನಸ್ 254 ಡಿಗ್ರಿ ಸೆಲ್ಸಿಯಸ್‌ಗೆ ತಣಿಯಬೇಕು. ಅಷ್ಟು ತಣ್ಣನೆಯ ಗುಳಿಗೆ ಕೋಟ್ಯಂತರ ಡಿಗ್ರಿ ಬಿಸಿಯೊಳಗೆ ಹೋದರೆ ಕ್ಷಣದಲ್ಲಿ ಮಾಯವಾಗುವುದಿಲ್ಲವೇ? ಇಲ್ಲ. ಚೆನ್ನಾಗಿ ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡಿ. ಹನಿಗಳು ತಕ್ಷಣ ಆವಿಯಾಗದೆ ಮುತ್ತಿನಂತೆ ಉರುಳಾಡುತ್ತವೆ. ಹನಿಯ ಅಡಿಯಲ್ಲಿ ಎದ್ದ ಆವಿಯೇ ಹನಿಯನ್ನು ಶಾಖದಿಂದ ಕಾಯುತ್ತದೆ. ಗುಳಿಗೆಯ ಸುತ್ತಲೂ ಹಾಗೆಯೇ ಅದರದೇ ಅನಿಲದ ಮೋಡ ಏಳುತ್ತದೆ. ಆ ಮೋಡದ ಮರೆಯಲ್ಲಿ ಗುಳಿಗೆ ಸವೆಯುತ್ತಾ ಸವೆಯುತ್ತಾ ಒಳಕ್ಕೆ ಹೋಗುತ್ತದೆ.

ಬೆಟ್ಟ ಕೈಗೆಟುಕದ ವರ್ಷಗಳು

ಉಪಾಯ ಕಾಗದದ ಮೇಲೆ ಚೆನ್ನಾಗಿತ್ತು, ಯಂತ್ರ ಮಾತು ಕೇಳಲಿಲ್ಲ. ಪ್ರಿನ್ಸ್‌ಟನ್ ತಂಡ ಒಂದಾದ ಮೇಲೊಂದು ಸ್ಟೆಲ್ಲರೇಟರ್ ಕಟ್ಟಿತು. ಪ್ರತಿಯೊಂದರಲ್ಲೂ ಇಂಧನ ಲೆಕ್ಕಕ್ಕಿಂತ ಬಹಳ ಬೇಗ ಹೊರಗೆ ಸೋರುತ್ತಿತ್ತು. ಒಳಗೆ ಯಾರೋ ಪಂಪ್ ಇಟ್ಟು ಖಾಲಿ ಮಾಡುತ್ತಿದ್ದಾರೋ ಎನ್ನುವ ಹಾಗೆ. 1956ರಲ್ಲಿ ಸ್ಪಿಟ್ಜರ್ ಪ್ಲಾಸ್ಮಾ ಭೌತಶಾಸ್ತ್ರದ ಒಂದು ಪುಟ್ಟ ಪುಸ್ತಕ ಬರೆದರು. ಎಷ್ಟೋ ಜನ ವಿದ್ಯಾರ್ಥಿಗಳು ಅದನ್ನು ಓದಿಯೇ ಈ ಕ್ಷೇತ್ರಕ್ಕೆ ಬಂದರು. 1958ರಲ್ಲಿ ಜಿನೀವಾ ಸಮ್ಮೇಳನದ ಹೊತ್ತಿಗೆ ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಮೂರೂ ಗುಟ್ಟು ಬಿಟ್ಟುಕೊಟ್ಟು ತಮ್ಮ ಕೆಲಸ ಜಗತ್ತಿನ ಮುಂದಿಟ್ಟವು. ಆಗ ಎಲ್ಲರಿಗೂ ಗೊತ್ತಾದದ್ದು ಒಂದೇ: ಸೋರಿಕೆ ಎಲ್ಲರ ಮನೆಯ ಕಥೆ.

1961ರಲ್ಲಿ ಸ್ಪಿಟ್ಜರ್ ಪ್ರಯೋಗಾಲಯದ ನಿರ್ದೇಶಕ ಸ್ಥಾನ ಬಿಟ್ಟರು. ಕೆಲವು ವರ್ಷಗಳಲ್ಲಿ ಪೂರ್ತಿಯಾಗಿ ಖಗೋಳಕ್ಕೆ ಮರಳಿದರು. 1965ರಲ್ಲಿ ಗೆಳೆಯ ಡೊನಾಲ್ಡ್ ಮಾರ್ಟನ್ ಜೊತೆ ಕೆನಡಾದ ಉತ್ತರ ತುದಿಯ ಬ್ಯಾಫಿನ್ ದ್ವೀಪದಲ್ಲಿ ಯಾರೂ ಹತ್ತದಿದ್ದ ಥಾರ್ ಶಿಖರವನ್ನು ಮೊದಲ ಬಾರಿಗೆ ಹತ್ತಿದರು. ಸಮ್ಮಿಳನದ ಶಿಖರ ಮಾತ್ರ ದೂರವೇ ಉಳಿಯಿತು.

1968ರಲ್ಲಿ ಸೋವಿಯತ್ ವಿಜ್ಞಾನಿಗಳು ತಮ್ಮ ಟೋಕಮಾಕ್ ಯಂತ್ರದಲ್ಲಿ ಸುಮಾರು ಒಂದು ಕೋಟಿ ಡಿಗ್ರಿ ಬಿಸಿ ಸಾಧಿಸಿದ್ದಾಗಿ ಹೇಳಿದರು. ಟೋಕಮಾಕ್ ಅಂದರೆ ಬಳೆಯಾಕಾರದ ಯಂತ್ರವೇ. ಅಲ್ಲಿ ಕೊಳವೆ ತಿರುಚುವ ಬದಲು ಪ್ಲಾಸ್ಮಾದೊಳಗೇ ವಿದ್ಯುತ್ ಹರಿಸಿ ಕಾಂತಕ್ಷೇತ್ರವನ್ನು ತಿರುಚುತ್ತಾರೆ. ಹೊರಗಿನವರು ಸುಲಭಕ್ಕೆ ನಂಬಲಿಲ್ಲ. 1969ರಲ್ಲಿ ಬ್ರಿಟನ್ನಿನ ತಂಡವೊಂದು ತನ್ನದೇ ಲೇಸರ್ ಉಪಕರಣ ಹೊತ್ತು ಮಾಸ್ಕೋಗೆ ಹೋಗಿ ಅಳೆಯಿತು. ಸುದ್ದಿ ನಿಜವಾಗಿತ್ತು. 1951ರ ಸುದ್ದಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇದನ್ನು ಹೊರಗಿನವರು ಬಂದು ಅಳೆದರು, ಅಳತೆ ಕೂಡಿಬಂತು. ಪ್ರಿನ್ಸ್‌ಟನ್ ತನ್ನ ದೊಡ್ಡ ಸ್ಟೆಲ್ಲರೇಟರನ್ನೇ ಬಿಚ್ಚಿ 1970ರ ಹೊತ್ತಿಗೆ ಟೋಕಮಾಕ್ ಮಾಡಿಕೊಂಡಿತು.

ಉಣಿಸುವ ರೀತಿ ಬದಲಾದರೆ ಶಾಖವೂ ನಿಲ್ಲುತ್ತದೆ

ಒಂದು ಪದ ತಿಳಿದಿರಲಿ: ಬಂಧನ ಕಾಲ. ಫ್ಲಾಸ್ಕಿನಲ್ಲಿ ಹಾಕಿದ ಕಾಫಿ ಎಷ್ಟು ಹೊತ್ತು ಬಿಸಿಯಾಗಿ ಇರುತ್ತದೆಯೋ ಅದೇ ಫ್ಲಾಸ್ಕಿನ ಗುಣ. ಪ್ಲಾಸ್ಮಾ ತನ್ನ ಶಾಖವನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬುದೇ ಬಂಧನ ಕಾಲ. ಇಂಧನದ ಸಾಂದ್ರತೆ, ಬಿಸಿ, ಬಂಧನ ಕಾಲ ಈ ಮೂರನ್ನು ಗುಣಿಸಿದಾಗ ಬರುವ ಸಂಖ್ಯೆ ದೊಡ್ಡದಾದಷ್ಟೂ ಗುರಿ ಹತ್ತಿರ.

ಇಂಧನ ಹೆಚ್ಚಾದಂತೆ ಬಂಧನ ಕಾಲವೂ ಹೆಚ್ಚುತ್ತದೆ ಎಂದು ಮೊದಲ ಪ್ರಯೋಗಗಳು ತೋರಿಸಿದ್ದವು. ಆದರೆ ಅಂಚಿನಿಂದ ಅನಿಲ ಊದುತ್ತಾ ಹೋದರೆ ಒಂದು ಹಂತದಲ್ಲಿ ಅದು ನಿಂತುಬಿಡುತ್ತಿತ್ತು. 1983ರಲ್ಲಿ ಅಮೆರಿಕದ ಎಂಐಟಿಯ ಆಲ್ಕೇಟರ್ ಸಿ ಟೋಕಮಾಕ್‌ನಲ್ಲಿ ಊದುವುದರ ಬದಲು ಹೆಪ್ಪುಗಟ್ಟಿದ ಗುಳಿಗೆ ಹೊಡೆದು ನೋಡಿದರು. ನಿಂತಿದ್ದ ಬಂಧನ ಕಾಲ ಮತ್ತೆ ಏರಿತು. ಸಮ್ಮಿಳನಕ್ಕೆ ಬೇಕಾದ ಸಾಂದ್ರತೆ ಮತ್ತು ಬಂಧನ ಕಾಲದ ಗುಣಲಬ್ಧವನ್ನು ಮೊದಲ ಬಾರಿಗೆ ದಾಟಿದ್ದು ಆಗಲೇ. ಬಿಸಿ ಮಾತ್ರ ಇನ್ನೂ ಸಾಲದಾಗಿತ್ತು.

ಯಾಕೆ ಹೀಗೆ? ನಡುವೆ ತುಂಬಾ ಬಿಸಿ, ಅಂಚಿನಲ್ಲಿ ತಣ್ಣಗೆ ಇದ್ದಾಗ ಪ್ಲಾಸ್ಮಾದಲ್ಲಿ ಸಣ್ಣ ಸಣ್ಣ ಸುಳಿಗಳು ಏಳುತ್ತವೆ. ಶಾಖವನ್ನು ಹೊರಕ್ಕೆ ಸಾಗಿಸುವ ಕಳ್ಳರು ಇವೇ. ಅನಿಲ ಊದಿದಾಗ ಇಂಧನ ಬಹುಮಟ್ಟಿಗೆ ಸಮತಟ್ಟಾಗಿ ಹರಡುತ್ತದೆ, ಸುಳಿಗಳು ಜೋರಾಗುತ್ತವೆ. ಗುಳಿಗೆ ಹೊಡೆದಾಗ ಇಂಧನ ನಡುವೆ ಗುಡ್ಡದಂತೆ ಗುಪ್ಪೆಯಾಗುತ್ತದೆ, ಸುಳಿಗಳು ತಣ್ಣಗಾಗುತ್ತವೆ. ಅಂದರೆ ಎಷ್ಟು ಇಂಧನ ಹಾಕಿದಿರಿ ಎಂಬುದರಷ್ಟೇ, ಎಲ್ಲಿ ಹಾಕಿದಿರಿ ಎಂಬುದೂ ಮುಖ್ಯ.

ಸ್ಪಿಟ್ಜರ್ ಕಟ್ಟಿದ ಪ್ರಿನ್ಸ್‌ಟನ್ ಪ್ರಯೋಗಾಲಯದಲ್ಲೂ ಇದೇ ಪಾಠ ಇನ್ನೊಂದು ದಾರಿಯಿಂದ ಸಿಕ್ಕಿತು. ಅಲ್ಲಿನ ಟಿಎಫ್‌ಟಿಆರ್ ಟೋಕಮಾಕ್‌ನ ಗ್ರಾಫೈಟ್ ಗೋಡೆ ಡ್ಯೂಟೀರಿಯಂ ಅನಿಲ ಹೀರಿಟ್ಟುಕೊಂಡು ಪ್ರಯೋಗದ ನಡುವೆ ಬಿಡುತ್ತಿತ್ತು. ಅಂದರೆ ಯಾರೂ ಊದದಿದ್ದರೂ ಗೋಡೆಯೇ ಅಂಚಿನಿಂದ ಊದುತ್ತಿತ್ತು! 1986ರಲ್ಲಿ ಹೀಲಿಯಂ ಪ್ಲಾಸ್ಮಾದಿಂದ ಗೋಡೆಯನ್ನು ಚೆನ್ನಾಗಿ ಶುಚಿಮಾಡಿ, ಇಂಧನವನ್ನು ವೇಗದ ಪರಮಾಣು ಕಿರಣದಿಂದ ನೇರ ನಡುವಿಗೆ ಕೊಟ್ಟರು. ಬಂಧನ ಕಾಲ ಎರಡರಿಂದ ಮೂರು ಪಟ್ಟು ಏರಿತು. ಇದೇ ದಾರಿಯಲ್ಲಿ 1994ರಲ್ಲಿ ಆ ಯಂತ್ರ 10.7 ಮೆಗಾವ್ಯಾಟ್ ಸಮ್ಮಿಳನ ಶಕ್ತಿ ಹೊರಡಿಸಿತು. ಆದರೆ ಬಿಸಿ ಮಾಡಲು ಒಳಗೆ ಕೊಟ್ಟ ಶಕ್ತಿ ಅದರ ಮೂರು ಪಟ್ಟಿಗೂ ಹೆಚ್ಚು.

1990ರ ದಶಕದಲ್ಲಿ ಜರ್ಮನಿಯ ಗಾರ್ಶಿಂಗ್‌ನಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಬಳೆಯ ಹೊರಬದಿಯಿಂದ ಗುಳಿಗೆ ಹೊಡೆದರೆ ಕರಗಿದ ಇಂಧನದ ಒಂದಷ್ಟು ಭಾಗ ಹೊರಕ್ಕೇ ಜಾರಿಬಿಡುತ್ತದೆ. ಒಳಬದಿಯಿಂದ ಹೊಡೆದರೆ ಅದೇ ಜಾರುವಿಕೆ ಇಂಧನವನ್ನು ಪ್ಲಾಸ್ಮಾದ ನಡುವಿಗೆ ಒಯ್ಯುತ್ತದೆ. ಸ್ಪಿಟ್ಜರ್ ಕೊಳವೆಯನ್ನು ಎಂಟರ ಆಕಾರಕ್ಕೆ ತಿರುಚಿದ್ದು ಇದೇ ಜಾರುವಿಕೆಯ ಕಾಟ ತಪ್ಪಿಸಲು. ಅಂದು ಕಾಟ ಕೊಟ್ಟದ್ದನ್ನು ಇಲ್ಲಿ ಕೆಲಸಕ್ಕೆ ಹಚ್ಚಿದರು.

ಕೊನೆಯ ದಿನದವರೆಗೂ ಕೆಲಸ

ಸ್ಪಿಟ್ಜರ್ ಅವರ ಇನ್ನೊಂದು ಕನಸು ಅವರ ಕಣ್ಣೆದುರೇ ನನಸಾಯಿತು. ಅವರ ತಂಡದ ದೂರದರ್ಶಕ ಹೊತ್ತ ಕೋಪರ್ನಿಕಸ್ ಉಪಗ್ರಹ 1972ರಲ್ಲಿ ಹಾರಿತು. 1946ರಲ್ಲಿ ಬರೆದ ದೊಡ್ಡ ದೂರದರ್ಶಕ 1990ರಲ್ಲಿ ಹಬಲ್ ಹೆಸರಿನಲ್ಲಿ ಆಕಾಶ ಸೇರಿತು. 1997ರ ಮಾರ್ಚ್ 31ರಂದು ಎಂದಿನಂತೆ ಕೆಲಸ ಮುಗಿಸಿ ಮನೆಗೆ ಬಂದ ಸ್ಪಿಟ್ಜರ್ ಅಂದೇ ತೀರಿಕೊಂಡರು. 82 ವರ್ಷ ವಯಸ್ಸಾಗಿತ್ತು. ಅದೇ ವಾರ ಪ್ರಿನ್ಸ್‌ಟನ್‌ನ ಟಿಎಫ್‌ಟಿಆರ್ ಯಂತ್ರವೂ ಕೊನೆಯ ಪ್ರಯೋಗ ಮುಗಿಸಿತು. 2003ರಲ್ಲಿ ಹಾರಿದ ನಾಸಾದ ಅತಿಗೆಂಪು ದೂರದರ್ಶಕಕ್ಕೆ ಅವರ ಹೆಸರಿಟ್ಟರು.

ಅವರ ಸ್ಟೆಲ್ಲರೇಟರ್ ಕೂಡ ಮೂಲೆಗೆ ಬೀಳಲಿಲ್ಲ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ ವೆಂಡೆಲ್‌ಸ್ಟೈನ್ 7-ಎಕ್ಸ್ ಎಂಬ ದೊಡ್ಡ ಸ್ಟೆಲ್ಲರೇಟರ್ 2015ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ಬರೀ ಅನಿಲ ಊದಿ, ಮೈಕ್ರೋವೇವ್‌ನಿಂದ ಕಾಯಿಸಿದಾಗ ಇಂಧನ ಕಣಗಳ ಬಿಸಿ ಸುಮಾರು 1.7 ಕೋಟಿ ಡಿಗ್ರಿಗೆ ಬಂದು ನಿಂತುಬಿಡುತ್ತಿತ್ತು. ಹೆಪ್ಪುಗಟ್ಟಿದ ಗುಳಿಗೆ ಹೊಡೆದಾಗ ಅದು ಮೇಲಕ್ಕೇರಿತು. ಸುಮಾರು 4 ಕೋಟಿ ಡಿಗ್ರಿಯ ವರೆಗೆ ಹೋಯಿತು. 2025ರ ಮೇ 22ರಂದು ಸುಮಾರು 90 ಗುಳಿಗೆಗಳನ್ನು ಸೆಕೆಂಡಿಗೆ 300ರಿಂದ 800 ಮೀಟರ್ ವೇಗದಲ್ಲಿ ಒಂದರ ಹಿಂದೊಂದು ಹೊಡೆಯುತ್ತಾ, 43 ಸೆಕೆಂಡು ಕಾಲ ಉತ್ತಮ ಪ್ಲಾಸ್ಮಾವನ್ನು ಉಳಿಸಿಕೊಂಡರು. 1954ರ ವರದಿಯಲ್ಲಿದ್ದ ಯಂತ್ರ ಮತ್ತು ಗುಳಿಗೆ, ಎರಡೂ ಒಂದೇ ಕೋಣೆಯಲ್ಲಿ ಸೇರಿ ಕೆಲಸ ಮಾಡಿದವು. ಭಾರತವೂ ಪಾಲುದಾರನಾಗಿರುವ, ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ಯಂತ್ರದಲ್ಲೂ ನಡುಭಾಗಕ್ಕೆ ಇಂಧನ ಉಣಿಸಲು ಗುಳಿಗೆಯನ್ನೇ ನೆಚ್ಚಿಕೊಂಡಿದ್ದಾರೆ.

ಮುಂದಿನ ಫಾರ್ವರ್ಡ್ ಬಂದಾಗ ನೋಡಬೇಕಾದ್ದು

ಎಷ್ಟು ಸೆಕೆಂಡು ಉರಿಯಿತು ಎಂಬ ಸಂಖ್ಯೆಗೆ ಮರುಳಾಗಬೇಡಿ. ಪ್ಲಾಸ್ಮಾ ಸಾವಿರ ಸೆಕೆಂಡು ಇತ್ತು ಎಂದರೆ ಹೊರಗಿನಿಂದ ಶಾಖ ಕೊಡುತ್ತಾ ಅಷ್ಟು ಹೊತ್ತು ಇಟ್ಟರು ಎಂದರ್ಥ. ಬಂಧನ ಕಾಲ ಬೇರೆ. ಇಂದಿನ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿಗಿಂತಲೂ ಕಡಿಮೆ.

ಬಿಸಿಯ ಸಂಖ್ಯೆಯೊಂದೇ ಸಾಲದು. ಸಾಂದ್ರತೆ ಎಷ್ಟು, ಬಂಧನ ಕಾಲ ಎಷ್ಟು ಎಂದೂ ಕೇಳಿ.

ಒಳಗೆ ಕೊಟ್ಟ ಶಕ್ತಿ ಎಷ್ಟು, ಹೊರಬಂದದ್ದು ಎಷ್ಟು ಎಂದು ನೋಡಿ. ಕಾಂತದ ಬೇಲಿಯ ಯಾವ ಯಂತ್ರವೂ ಇದುವರೆಗೆ ಒಂದು ಮನೆಗೂ ವಿದ್ಯುತ್ ಕೊಟ್ಟಿಲ್ಲ.

ಅದು ಸಿಡಿದು ಊರೇ ಸುಡುತ್ತದೆ ಎಂಬ ಸಂದೇಶ ಬಂದರೂ ಹೆದರಬೇಡಿ. ಒಳಗಿನ ಪ್ಲಾಸ್ಮಾದ ಕಣಗಳ ಸಂಖ್ಯೆ ನಾವು ಉಸಿರಾಡುವ ಗಾಳಿಯಲ್ಲಿ ಇರುವುದರ ಲಕ್ಷದ ಒಂದು ಪಾಲೂ ಇಲ್ಲ. ಉಣಿಸುವುದು ನಿಂತರೆ ಬೆಂಕಿಯೂ ನಿಲ್ಲುತ್ತದೆ.

ಕೊನೆಯದಾಗಿ, ಹೊರಗಿನವರು ಬಂದು ಅಳೆದಿದ್ದಾರೆಯೇ ಎಂದು ಕೇಳಿ. ಹುಯೆಮುಲ್ ದ್ವೀಪದ ಸುದ್ದಿ ಆ ಪರೀಕ್ಷೆಯಲ್ಲಿ ಬಿತ್ತು, ಮಾಸ್ಕೋ ಸುದ್ದಿ ಗೆದ್ದಿತು. ಉತ್ತರ ಸಿಗುವವರೆಗೆ ಫಾರ್ವರ್ಡ್ ಬಟನ್ ಒತ್ತದಿದ್ದರೆ ಯಾರಿಗೂ ನಷ್ಟವಿಲ್ಲ.